ಇರುಳುಗುರುಡಿನ ಇತಿಹಾಸ: ಕಣ್ಣಿನ ಕೋಶ ಸಾಯುವ ಕಾರಣವನ್ನು ಮನುಷ್ಯ ಅರಿತ ಬಗೆ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಗಲಿನಲ್ಲಿ ಕಪ್ಪು ಹಲಗೆಯ ಮೇಲಿನ ಚಿಕ್ಕ ಅಕ್ಷರವನ್ನೂ ಕೊನೆಯ ಬೆಂಚಿನಿಂದಲೇ ಓದಿಬಿಡುತ್ತಿದ್ದ. ಆದರೆ ಪರೀಕ್ಷೆಯ ಮುನ್ನ ನಡೆಯುವ ಸಂಜೆಯ ವಿಶೇಷ ತರಗತಿಗಳಲ್ಲಿ ಅವನ ನಡವಳಿಕೆಯೇ ಬೇರೆ. ಬೆಂಚಿಗೆ ಎಡವುತ್ತಿದ್ದ. ಮಗ್ರಿಬ್ ಹೊತ್ತಿಗೆ ಹೊರಟರೆ ತನ್ನ ಚಪ್ಪಲಿಯನ್ನು ಕಾಲಿನಿಂದ ತಡಕಾಡಿ ಹುಡುಕುತ್ತಿದ್ದ. ಮೆಟ್ಟಿಲಿನ ಬಳಿ ಗೆಳೆಯನ ಭುಜ ಹಿಡಿಯುತ್ತಿದ್ದ. ಗಮನವಿಲ್ಲದ ಹುಡುಗ ಎಂದು ನಾನು ಅವನನ್ನು ಎಲ್ಲರೆದುರು ಗದರಿದ್ದೇನೆ. ಒಂದಲ್ಲ, ಹಲವು ಸಲ. ವರ್ಷದ ಕೊನೆಗೆ ಕಣ್ಣಿನ ವೈದ್ಯರು ಅವನಿಗೆ ‘ರೆಟಿನೈಟಿಸ್ ಪಿಗ್ಮೆಂಟೋಸಾ’ ಎಂಬ ಕಾಯಿಲೆ ಇದೆ ಎಂದರು. ಅವನ ಕಣ್ಣಿನ ಒಳಪೊರೆಯ ಕೋಶಗಳು ಒಂದೊಂದಾಗಿ ಸಾಯುತ್ತಿದ್ದವು. ನಾನು ಅದನ್ನು ಅಜಾಗರೂಕತೆ ಎಂದುಕೊಂಡಿದ್ದೆ.

ಆ ತಪ್ಪಿನ ನೋವಿನಿಂದಲೇ ನಾನು ಈ ವಿಷಯವನ್ನು ಓದಲು ಆರಂಭಿಸಿದೆ. ಭಾಷಾ ಶಿಕ್ಷಕನಾದ ನನಗೆ ಇದು ಹೊಸ ಲೋಕ. ಆದರೆ ಓದುತ್ತಾ ಹೋದಂತೆ ಇದು ಕೇವಲ ವೈದ್ಯಕೀಯ ವಿಷಯವಲ್ಲ, ಸಾವಿರ ವರ್ಷಗಳ ಜ್ಞಾನದ ಇತಿಹಾಸವೂ ಹೌದು ಎಂದು ತಿಳಿಯಿತು. ಬಗ್ದಾದಿನ ವಿದ್ವಾಂಸರಿಂದ ಹಿಡಿದು ಇಂದಿನ ಪ್ರಯೋಗಾಲಯಗಳವರೆಗೆ ಅನೇಕರು ಕಟ್ಟಿದ ಜ್ಞಾನ ಇದು. ನಮ್ಮ ವಿದ್ಯಾರ್ಥಿಗಳೂ ಪೋಷಕರೂ ಅದನ್ನು ತಿಳಿಯಲಿ ಎಂಬುದು ಈ ಲೇಖನದ ಉದ್ದೇಶ.

ಶಬಕಿಯ್ಯದಿಂದ ರೆಟಿನಾದವರೆಗೆ

ಉರ್ದುವಿನಲ್ಲಿ ಇರುಳುಗುರುಡಿಗೆ ‘ಶಬ್‌ಕೋರಿ’ ಎಂತಲೂ ‘ರತೌಂಧಿ’ ಎಂತಲೂ ಹೇಳುತ್ತೇವೆ. ಅರಬೀ ವೈದ್ಯರು ಇದನ್ನು ‘ಅಶಾ’ ಎಂದು ಕರೆದರು. ಪ್ರತಿ ಭಾಷೆಯಲ್ಲೂ ಇದಕ್ಕೊಂದು ಹೆಸರಿದೆ ಎಂದರೆ ಕಾಯಿಲೆ ಎಷ್ಟು ಹಳೆಯದೆಂದು ಊಹಿಸಬಹುದು. ಪ್ರಾಚೀನ ಈಜಿಪ್ಟ್ ಮತ್ತು ಗ್ರೀಸ್‌ನ ವೈದ್ಯರು ಇದಕ್ಕೆ ಪ್ರಾಣಿಗಳ ಯಕೃತ್ತನ್ನು ಔಷಧಿಯಾಗಿ ಹೇಳುತ್ತಿದ್ದರು. ಅದು ಕೆಲವರಿಗೆ ಫಲ ನೀಡುತ್ತಿತ್ತು, ಕೆಲವರಿಗೆ ನೀಡುತ್ತಿರಲಿಲ್ಲ. ಏಕೆಂದು ತಿಳಿಯಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಹುನೈನ್ ಇಬ್ನ್ ಇಸ್‌ಹಾಕ್ (809-873) ಕಣ್ಣಿನ ಕುರಿತು ಹತ್ತು ಪ್ರಬಂಧಗಳ ಗ್ರಂಥವನ್ನು ಬರೆದರು. ಅವರು ಧರ್ಮದಿಂದ ಕ್ರೈಸ್ತರು, ಬರೆದದ್ದು ಅರಬಿಯಲ್ಲಿ, ಆಶ್ರಯ ನೀಡಿದವರು ಅಬ್ಬಾಸೀ ಖಲೀಫರು. ಆ ಕಾಲದ ಜ್ಞಾನದ ಅಂಗಳ ಎಷ್ಟು ವಿಶಾಲವಾಗಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ಹನ್ನೊಂದನೆಯ ಶತಮಾನದ ಆರಂಭದಲ್ಲಿ ‘ಕಿತಾಬುಲ್ ಮನಾಝಿರ್’ ಬರೆದು, ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗ ಮತ್ತು ತರ್ಕದಿಂದ ತೋರಿಸಿದರು. ಆದರೂ ಬೆಳಕನ್ನು ಗ್ರಹಿಸುವ ಭಾಗ ಮಸೂರವೇ ಎಂಬ ಹಳೆಯ ನಂಬಿಕೆಯನ್ನು ಅವರೂ ಬಿಡಲಿಲ್ಲ. ಕುರ್ತುಬಾದ ಇಬ್ನ್ ರುಶ್ದ್ (1126-1198) ಅವರ ಬರಹದಲ್ಲಿ ಒಳಪೊರೆಯೇ ಬೆಳಕನ್ನು ಗ್ರಹಿಸುತ್ತದೆ ಎಂಬ ಸೂಚನೆ ಇದೆ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಯುರೋಪಿನಲ್ಲಿ 1583ರಲ್ಲಿ ಫೆಲಿಕ್ಸ್ ಪ್ಲಾಟರ್ ಇದನ್ನು ಸ್ಪಷ್ಟವಾಗಿ ಹೇಳಿದರು. 1604ರಲ್ಲಿ ಕೆಪ್ಲರ್ ಬಿಂಬ ಮೂಡುವುದು ಆ ಪೊರೆಯ ಮೇಲೆಯೇ ಎಂದು ಗಣಿತದಿಂದ ತೋರಿಸಿದರು.

ಆ ಪೊರೆಯ ಹೆಸರಿಗೂ ಒಂದು ಪ್ರಯಾಣವಿದೆ. ಗ್ರೀಕರು ಅದನ್ನು ಮೀನಿನ ಬಲೆಗೆ ಹೋಲಿಸಿದರು. ಅರಬರು ‘ಶಬಕ’ ಅಂದರೆ ಬಲೆ ಎಂಬ ಪದದಿಂದ ‘ಶಬಕಿಯ್ಯ’ ಎಂದರು. ಅರಬೀ ಗ್ರಂಥಗಳು ಲ್ಯಾಟಿನ್‌ಗೆ ಅನುವಾದವಾದಾಗ ಬಲೆ ಎಂಬ ಅರ್ಥದ ‘ರೇಟೆ’ ಪದದಿಂದ ‘ರೆಟಿನಾ’ ಆಯಿತು. ಉರ್ದುವಿನಲ್ಲಿ ಇಂದಿಗೂ ಅದು ‘ಪರ್ದಾ-ಎ-ಶಬಕಿಯ್ಯ’. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಅಕ್ಷಿಪಟಲ.

ಕಣ್ಣಿನೊಳಗೆ ಇಣುಕಿದ ಕನ್ನಡಿ

ಜೀವಂತ ಮನುಷ್ಯನ ಅಕ್ಷಿಪಟಲವನ್ನು ನೋಡುವುದು 1851ರವರೆಗೆ ವೈದ್ಯರಿಗೆ ಸಾಧ್ಯವಿರಲಿಲ್ಲ. ಆ ವರ್ಷ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ತಾವು ರಚಿಸಿದ ಕಣ್ಣುದರ್ಶಕ ಯಂತ್ರವನ್ನು ಪ್ರಕಟಿಸಿದರು. ಅದನ್ನು ಬಳಸಿದ ವೈದ್ಯರಿಗೆ ಕೆಲವು ರೋಗಿಗಳ ಅಕ್ಷಿಪಟಲದ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಂಡವು. ಅವರೆಲ್ಲರ ದೂರು ಒಂದೇ. ಮೊದಲು ಇರುಳಿನಲ್ಲಿ ಕಾಣದು. ನಂತರ ಅಕ್ಕಪಕ್ಕ ಕಾಣದು. ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಕೊಳವೆಯ ಮೂಲಕ ನೋಡಿದಂತೆ ಆಗುತ್ತದೆ. ನೆದರ್ಲೆಂಡ್ಸ್‌ನ ಫ್ರಾನ್ಸಿಸ್ಕಸ್ ಡಾಂಡರ್ಸ್ ಅದಕ್ಕೆ 1850ರ ದಶಕದಲ್ಲಿ ‘ರೆಟಿನೈಟಿಸ್ ಪಿಗ್ಮೆಂಟೋಸಾ’ ಎಂಬ ಹೆಸರಿಟ್ಟರು. ‘ಐಟಿಸ್’ ಎಂದರೆ ಉರಿಯೂತ. ಮೂಲದಲ್ಲಿ ಇದು ಉರಿಯೂತದ ಕಾಯಿಲೆ ಅಲ್ಲ ಎಂದು ಆಮೇಲೆ ತಿಳಿಯಿತು. ಆದರೂ ತಪ್ಪು ಹೆಸರೇ ಉಳಿದುಬಿಟ್ಟಿತು.

1861ರಲ್ಲಿ ಬರ್ಲಿನ್‌ನ ರಿಚರ್ಡ್ ಲೀಬ್‌ರೈಖ್ ಎಂಬ ವೈದ್ಯರು ಆ ನಗರದ ಕಿವುಡ ಜನರ ಕಣ್ಣುಗಳನ್ನು ಪರೀಕ್ಷಿಸಿದರು. ಅವರಲ್ಲಿ ಹಲವರಿಗೆ ಈ ಕಾಯಿಲೆ ಇತ್ತು. ಅಷ್ಟೇ ಅಲ್ಲ, ಹತ್ತಿರದ ರಕ್ತಸಂಬಂಧದ ವಿವಾಹಗಳಿಂದ ಹುಟ್ಟಿದವರಲ್ಲಿ ಅದು ಹೆಚ್ಚಾಗಿತ್ತು. ಅನುವಂಶೀಯತೆಯ ಕುರಿತ ಮೆಂಡಲ್‌ರ ಪ್ರಬಂಧ ಪ್ರಕಟವಾಗುವುದಕ್ಕೂ ಐದು ವರ್ಷ ಮೊದಲೇ, ಕಾಯಿಲೆಯ ಮೂಲ ವಂಶದಲ್ಲಿದೆ ಎಂಬ ಸುಳಿವು ಹೀಗೆ ಸಿಕ್ಕಿತ್ತು. ಕಿವಿ ಮತ್ತು ಕಣ್ಣು ಎರಡನ್ನೂ ಬಾಧಿಸುವ ಈ ಬಗೆಯನ್ನು ಮುಂದೆ ಸ್ಕಾಟ್‌ಲೆಂಡಿನ ಚಾರ್ಲ್ಸ್ ಅಷರ್ ಅವರ ಹೆಸರಿನಿಂದ ಕರೆಯಲಾಯಿತು.

ಬೆಳಕಿಗೆ ಮಾಸುವ ಕೆಂಪು

ನಮ್ಮ ಒಂದೊಂದು ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಸುಮಾರು 12 ಕೋಟಿ ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನ ನೋಟ, ಬಣ್ಣ ಮತ್ತು ಓದಿಗೆ ಬೇಕಾದ ಸೂಕ್ಷ್ಮ ದೃಷ್ಟಿಯನ್ನು ಕೊಡುತ್ತವೆ. ಈ ಕೆಲಸ ಹಂಚಿಕೆಯನ್ನು 1866ರಲ್ಲಿ ಗುರುತಿಸಿದವರು ಮ್ಯಾಕ್ಸ್ ಶುಲ್ಟ್ಸೆ. ನನ್ನ ವಿದ್ಯಾರ್ಥಿಗೆ ಹಗಲಿನಲ್ಲಿ ಹಲಗೆ ಕಂಡು, ಸಂಜೆ ಮೆಟ್ಟಿಲು ಕಾಣದಿದ್ದುದಕ್ಕೆ ಉತ್ತರ ಇಲ್ಲಿಯೇ ಇದೆ. ಅವನ ದಂಡಕೋಶಗಳು ಮೊದಲು ಸಾಯುತ್ತಿದ್ದವು, ಶಂಕುಕೋಶಗಳು ಇನ್ನೂ ಬದುಕಿದ್ದವು.

1876ರಲ್ಲಿ ಫ್ರಾಂಜ್ ಬೋಲ್ ಎಂಬ ಯುವ ವಿಜ್ಞಾನಿ ಕಪ್ಪೆಯ ಅಕ್ಷಿಪಟಲ ಕತ್ತಲಿನಲ್ಲಿ ಕೆಂಪಗಿದ್ದು, ಬೆಳಕಿಗೆ ತಂದೊಡನೆ ಬಣ್ಣ ಕಳೆದುಕೊಳ್ಳುವುದನ್ನು ಕಂಡರು. ಕ್ಷಯರೋಗದಿಂದ ಮೂವತ್ತನೆಯ ವಯಸ್ಸಿನಲ್ಲೇ ಅವರು ತೀರಿಕೊಂಡರು. ಹೈಡಲ್‌ಬರ್ಗ್‌ನ ವಿಲ್ಹೆಲ್ಮ್ ಕ್ಯೂನೆ ಆ ಕೆಲಸವನ್ನು ಮುಂದುವರಿಸಿ, ಆ ಕೆಂಪು ವಸ್ತುವನ್ನು ಬೇರ್ಪಡಿಸಿದರು. ಅದೇ ರೊಡಾಪ್ಸಿನ್. ಅಕ್ಷಿಪಟಲದ ಹಿಂದೆ ಅಂಟಿಕೊಂಡಿರುವ ಕಪ್ಪು ವರ್ಣಪದರದಿಂದ ಅದನ್ನು ಬಿಡಿಸಿದರೆ ಮಾಸಿದ ಕೆಂಪು ಮತ್ತೆ ಮೂಡುವುದಿಲ್ಲ ಎಂಬುದನ್ನೂ ಅವರು ಗಮನಿಸಿದರು. ಅಂದರೆ ಬೆಳಕು ಹಿಡಿಯುವ ಕೋಶ ಒಂಟಿಯಾಗಿ ಬದುಕಲಾರದು, ಅದಕ್ಕೆ ನೆರೆಯವರ ಸಹಾಯ ಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

1933ರಲ್ಲಿ ಜಾರ್ಜ್ ವಾಲ್ಡ್ ಅಕ್ಷಿಪಟಲದಲ್ಲಿ ವಿಟಮಿನ್ ಎ ಇರುವುದನ್ನು ಪತ್ತೆ ಹಚ್ಚಿದರು. ರೊಡಾಪ್ಸಿನ್ ಎಂದರೆ ಒಂದು ಪ್ರೋಟೀನು ಮತ್ತು ವಿಟಮಿನ್ ಎಯಿಂದ ಬಂದ ಒಂದು ಸಣ್ಣ ಅಣು ಸೇರಿದ ಜೋಡಿ. 1967ರಲ್ಲಿ ವಾಲ್ಡ್ ಅವರು ಇತರ ಇಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಯಕೃತ್ತಿನಲ್ಲಿ ವಿಟಮಿನ್ ಎ ಹೇರಳವಾಗಿದೆ. ಹಳೆಯ ವೈದ್ಯರ ಔಷಧಿ ಏಕೆ ಫಲಿಸುತ್ತಿತ್ತೆಂದು ಆಗ ಅರ್ಥವಾಯಿತು. ಭಾರತ ಸರಕಾರ 1970ರಲ್ಲಿ ಮಕ್ಕಳಿಗೆ ವಿಟಮಿನ್ ಎ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು ಇದೇ ಜ್ಞಾನದ ಬಲದಿಂದ.

ಆದರೆ ಯಕೃತ್ತು ಫಲಿಸದ ರೋಗಿಗಳ ಗುಟ್ಟೇನು? ಒಲೆಗೆ ಸೌದೆ ಇಲ್ಲದಿದ್ದರೂ ಅಡುಗೆ ಆಗದು, ಒಲೆಯೇ ಒಡೆದಿದ್ದರೂ ಆಗದು. ವಿಟಮಿನ್ ಕೊರತೆ ಸೌದೆ ಇಲ್ಲದ ಸ್ಥಿತಿ. ರೆಟಿನೈಟಿಸ್ ಪಿಗ್ಮೆಂಟೋಸಾ ಒಲೆ ಒಡೆದ ಸ್ಥಿತಿ. ಒಲೆ ಎಲ್ಲಿ ಒಡೆದಿದೆ ಎಂದು ಹುಡುಕುವುದೇ ಇಪ್ಪತ್ತನೆಯ ಶತಮಾನದ ಕೆಲಸವಾಯಿತು.

ದಂಡಕೋಶವಿಲ್ಲದ ಇಲಿ

1924ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಕ್ಲೈಡ್ ಕೀಲರ್ ಎಂಬ ಯುವಕ ಕೆಲವು ಇಲಿಗಳ ಕಣ್ಣಿನಲ್ಲಿ ದಂಡಕೋಶಗಳೇ ಇಲ್ಲದ್ದನ್ನು ಕಂಡು ಪ್ರಕಟಿಸಿದರು. ಈ ಲಕ್ಷಣ ವಂಶದಲ್ಲಿ ಹರಿಯುತ್ತಿತ್ತು. ಆ ಇಲಿಗಳ ತಳಿ ಕಾಲಾಂತರದಲ್ಲಿ ನಶಿಸಿತು. ನಂತರದ ವಿಜ್ಞಾನಿಗಳಿಗೆ ಅಂಥದೇ ಲಕ್ಷಣದ ಬೇರೊಂದು ಇಲಿ ದೊರೆತು, ಅದರ ಮೇಲೆ ಅಧ್ಯಯನ ಮುಂದುವರಿಯಿತು. ಆ ಇಲಿಗಳು ಹುಟ್ಟುವಾಗ ದಂಡಕೋಶಗಳು ಇರುತ್ತವೆ, ಆದರೆ ಸುಮಾರು ಮೂರು ವಾರದೊಳಗೆ ಬಹುಪಾಲು ಸತ್ತುಹೋಗುತ್ತವೆ ಎಂದು ತಿಳಿಯಿತು. ಎರಡೂ ಒಂದೇ ದೋಷವೇ ಎಂಬ ಪ್ರಶ್ನೆ ಮಾತ್ರ ದಶಕಗಳ ಕಾಲ ಉಳಿಯಿತು. 1993ರಲ್ಲಿ, ಸುಮಾರು ಎಪ್ಪತ್ತು ವರ್ಷ ಜೋಪಾನವಾಗಿದ್ದ ಕೀಲರ್ ಅವರ ಗಾಜಿನ ಪಟ್ಟಿಗಳಿಂದಲೇ ಡಿಎನ್‌ಎ ತೆಗೆದು ಪರೀಕ್ಷಿಸಲಾಯಿತು. ದೋಷ ಒಂದೇ ಎಂದು ಸಾಬೀತಾಯಿತು. ಆ ಪ್ರಬಂಧದ ಲೇಖಕರಲ್ಲಿ ತೊಂಬತ್ತು ದಾಟಿದ ಕೀಲರ್ ಕೂಡ ಒಬ್ಬರು. ಮಾಡಿದ ಕೆಲಸವನ್ನು ಅಚ್ಚುಕಟ್ಟಾಗಿ ಕಾಪಾಡಿಡುವುದರ ಬೆಲೆ ಏನೆಂದು ವಿದ್ಯಾರ್ಥಿಗಳು ಇದರಿಂದ ಕಲಿಯಬಹುದು.

ದೋಷ ಏನು? ಅದನ್ನು ತಿಳಿಯಲು ದಂಡಕೋಶ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಕತ್ತಲಿನಲ್ಲಿ ದಂಡಕೋಶದ ಬಾಗಿಲುಗಳು ತೆರೆದಿರುತ್ತವೆ, ಅವುಗಳ ಮೂಲಕ ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ ಬರುತ್ತಿರುತ್ತವೆ. ಬಾಗಿಲನ್ನು ತೆರೆದು ಹಿಡಿಯುವ ಅಣುವಿನ ಹೆಸರು ಸೈಕ್ಲಿಕ್ ಜಿಎಂಪಿ. ಬೆಳಕು ಬಿದ್ದಾಗ ರೊಡಾಪ್ಸಿನ್‌ನ ಆಕಾರ ಬದಲಾಗುತ್ತದೆ. ಅದು ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಟ್ರಾನ್ಸ್‌ಡ್ಯೂಸಿನ್ ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಸೈಕ್ಲಿಕ್ ಜಿಎಂಪಿಯನ್ನು ಒಡೆದು ಹಾಕುತ್ತದೆ. ಆಗ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದ ಸುದ್ದಿಯೇ ಮಿದುಳಿಗೆ ‘ಬೆಳಕು ಬಂತು’ ಎಂಬ ಸಂದೇಶವಾಗಿ ತಲುಪುತ್ತದೆ.

1974ರಲ್ಲಿ ಡೆಬೋರಾ ಫಾರ್ಬರ್ ಮತ್ತು ರಿಚರ್ಡ್ ಲಾಲಿ ಎಂಬ ವಿಜ್ಞಾನಿಗಳು ಈ ಇಲಿಗಳ ಅಕ್ಷಿಪಟಲದಲ್ಲಿ, ಕೋಶಗಳು ಸಾಯುವ ಮುನ್ನವೇ ಸೈಕ್ಲಿಕ್ ಜಿಎಂಪಿ ವಿಪರೀತ ಶೇಖರವಾಗಿರುವುದನ್ನು ಕಂಡುಹಿಡಿದರು. 1990ರಲ್ಲಿ ಕಾರಣವೂ ಸಿಕ್ಕಿತು. ಅದನ್ನು ಒಡೆಯಬೇಕಾದ ಫಾಸ್ಫೋಡೈಎಸ್ಟರೇಸ್ ಕಿಣ್ವದ ಜೀನಿನಲ್ಲೇ ದೋಷವಿತ್ತು. ಒಡೆಯುವವರಿಲ್ಲದೆ ಅಣು ತುಂಬಿಕೊಳ್ಳುತ್ತದೆ. ಬಾಗಿಲು ಮುಚ್ಚುವುದೇ ಇಲ್ಲ. ಕ್ಯಾಲ್ಸಿಯಂ ಮಿತಿಮೀರಿ ಒಳಗೆ ನುಗ್ಗಿ, ಕೋಶದ ಸ್ವಂತ ಪ್ರೋಟೀನುಗಳನ್ನೇ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಬದುಕಿಗೆ ಬೇಕಾದ ವಸ್ತುವೇ ಮಿತಿಮೀರಿದಾಗ ಸಾವಿಗೆ ಕಾರಣವಾಗುತ್ತದೆ. 1993ರಲ್ಲಿ ಇದೇ ಜೀನಿನ ದೋಷ ಕೆಲವು ಮಾನವ ರೋಗಿಗಳಲ್ಲೂ ಕಂಡುಬಂತು.

ಒಂದು ಅಕ್ಷರದ ತಪ್ಪು

1989ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಪೀಟರ್ ಹಂಫ್ರೀಸ್ ಅವರ ತಂಡ, ತಲೆಮಾರುಗಳಿಂದ ಈ ಕಾಯಿಲೆ ಹರಿದು ಬಂದ ಒಂದು ದೊಡ್ಡ ಕುಟುಂಬವನ್ನು ಅಭ್ಯಾಸ ಮಾಡಿ, ದೋಷ ಮೂರನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿತು. ರೊಡಾಪ್ಸಿನ್‌ನ ಜೀನು ಇರುವುದೂ ಅಲ್ಲಿಯೇ. ಮರುವರ್ಷ ಅಮೆರಿಕದ ಥ್ಯಾಡಿಯಸ್ ಡ್ರೈಜಾ ಮತ್ತು ಸಂಗಡಿಗರು ಬೇರೆ ರೋಗಿಗಳ ರೊಡಾಪ್ಸಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡರು. ಅದರಿಂದ ಪ್ರೋಟೀನಿನ 23ನೆಯ ಸ್ಥಾನದಲ್ಲಿ ಪ್ರೋಲೀನ್ ಬದಲು ಹಿಸ್ಟಿಡೀನ್ ಬರುತ್ತಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ಕಾರಣವಾದ ರೊಡಾಪ್ಸಿನ್ ದೋಷ ಗುರುತಿಸಲ್ಪಟ್ಟದ್ದು ಆಗ.

ಉರ್ದು ಕಲಿಸುವ ನನಗೆ ಇದು ಬೇಗ ಅರ್ಥವಾಯಿತು. ಉರ್ದುವಿನಲ್ಲಿ ಒಂದು ನುಕ್ತಾ ಮೇಲೆ ಹೋದರೆ ‘ಖುದಾ’, ಕೆಳಗೆ ಇಳಿದರೆ ‘ಜುದಾ’. ಅರ್ಥವೇ ತಲೆಕೆಳಗು. ಇಲ್ಲಿಯೂ ಹಾಗೆಯೇ. ತಪ್ಪು ಅಕ್ಷರದಿಂದ ತಯಾರಾದ ರೊಡಾಪ್ಸಿನ್ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ತಯಾರಾದ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದಂಡಕೋಶ ದಿನವೂ ಅಪಾರ ಪ್ರಮಾಣದಲ್ಲಿ ರೊಡಾಪ್ಸಿನ್ ತಯಾರಿಸುವುದರಿಂದ ಕಸವೂ ಅಪಾರ. ಕೋಶ ಮೊದಲು ಅದನ್ನು ತೆರವು ಮಾಡಲು ಹೆಣಗುತ್ತದೆ. ಆಗದಿದ್ದಾಗ ಸೋಲುತ್ತದೆ. ಇಂದು ಈ ಕಾಯಿಲೆಗೆ ಸಂಬಂಧಿಸಿದ ಎಂಬತ್ತಕ್ಕೂ ಹೆಚ್ಚು ಜೀನುಗಳು ಗೊತ್ತಾಗಿವೆ. ಹೊರಗಿನಿಂದ ಒಂದೇ ಕಾಯಿಲೆಯಂತೆ ಕಂಡದ್ದು ವಾಸ್ತವದಲ್ಲಿ ಹಲವು ಕಾಯಿಲೆಗಳ ಗುಂಪು.

ದೋಷ ಯಾವಾಗಲೂ ಸಾಯುವ ಕೋಶದಲ್ಲೇ ಇರಬೇಕೆಂದಿಲ್ಲ. ದಂಡಕೋಶದ ತುದಿ ಪ್ರತಿದಿನ ಸವೆಯುತ್ತದೆ, ಬುಡದಿಂದ ಹೊಸದು ಬೆಳೆಯುತ್ತದೆ. ಇದನ್ನು 1967ರಲ್ಲಿ ರಿಚರ್ಡ್ ಯಂಗ್ ತೋರಿಸಿದರು. ಸವೆದ ತುದಿಯನ್ನು ನುಂಗಿ ಶುಚಿಗೊಳಿಸುವುದು ಹಿಂದಿನ ವರ್ಣಪದರದ ಕೋಶಗಳ ಕೆಲಸ. ಒಂದು ಬಗೆಯ ದೊಡ್ಡ ಇಲಿಗಳಲ್ಲಿ ಆ ಕೆಲಸ ನಡೆಯದೆ ಕಸ ರಾಶಿಯಾಗಿ ಬಿದ್ದು ದಂಡಕೋಶಗಳು ಸಾಯುತ್ತಿದ್ದವು. 1976ರಲ್ಲಿ ಮಲ್ಲೆನ್ ಮತ್ತು ಲಾವೇಲ್ ಎಂಬುವರು ದೋಷ ವರ್ಣಪದರದ್ದೇ ಎಂದು ಪ್ರಯೋಗದಿಂದ ಸ್ಥಾಪಿಸಿದರು. 2000ದಲ್ಲಿ ಆ ಜೀನು ಇಲಿಗಳಲ್ಲೂ ಮನುಷ್ಯರಲ್ಲೂ ಗುರುತಿಸಲ್ಪಟ್ಟಿತು.

ಕೋಶ ಹೇಗೆ ಸಾಯುತ್ತದೆ?

ಇಷ್ಟೊಂದು ಬೇರೆ ಬೇರೆ ಕಾರಣಗಳು, ಕೊನೆಗೆ ಸಾವು ಒಂದೇ. ಹಾಗಾದರೆ ಸಾಯುವ ಬಗೆಯೂ ಒಂದೇ ಇರಬಹುದೇ? 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು, ಕೋಶಗಳು ಗಾಯದಿಂದ ಮಾತ್ರವಲ್ಲ, ಒಂದು ಕ್ರಮಬದ್ಧ ವಿಧಾನದಿಂದ ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ ಎಂದು ವಿವರಿಸಿದ್ದರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದದಿಂದ ಅದಕ್ಕೆ ‘ಅಪಾಪ್ಟೋಸಿಸ್’ ಎಂದು ಹೆಸರಿಟ್ಟರು. 1993ರಲ್ಲಿ ಬೇರೆ ಬೇರೆ ದೋಷವಿರುವ ಮೂರು ಬಗೆಯ ಇಲಿಗಳನ್ನು ಪರೀಕ್ಷಿಸಿದಾಗ ಮೂರರಲ್ಲೂ ಅಕ್ಷಿಪಟಲದ ಕೋಶಗಳು ಇದೇ ಬಗೆಯಲ್ಲಿ ಸಾಯುತ್ತಿರುವುದು ಕಂಡಿತು. ದಾರಿ ಹಲವು, ಕೊನೆಯ ಬಾಗಿಲು ಒಂದೇ. ಆ ಬಾಗಿಲಿಗೆ ಬೀಗ ಹಾಕಿದರೆ ಎಲ್ಲ ರೋಗಿಗಳೂ ಉಳಿಯುತ್ತಾರೆ ಎಂಬ ದೊಡ್ಡ ಆಸೆ ಹುಟ್ಟಿತು.

ಆಸೆ ಅಷ್ಟು ಸುಲಭವಾಗಿ ಈಡೇರಲಿಲ್ಲ. ಅಪಾಪ್ಟೋಸಿಸ್ಸನ್ನು ನಡೆಸುವ ಕಿಣ್ವಗಳನ್ನು ತಡೆದರೂ ಕೋಶಗಳು ಬೇರೆ ದಾರಿಗಳಿಂದ ಸಾಯುತ್ತಿದ್ದವು. ಕ್ಯಾಲ್ಸಿಯಂನಿಂದ ಎಚ್ಚೆತ್ತ ಕಿಣ್ವಗಳ ದಾರಿ ಒಂದು, ಡಿಎನ್‌ಎ ದುರಸ್ತಿ ವ್ಯವಸ್ಥೆಯೇ ಅತಿಯಾಗಿ ದುಡಿದು ಕೋಶವನ್ನು ಬರಿದು ಮಾಡುವ ದಾರಿ ಮತ್ತೊಂದು, ಕೋಶ ಉಬ್ಬಿ ಒಡೆಯುವ ನೆಕ್ರಾಪ್ಟೋಸಿಸ್ ಇನ್ನೊಂದು. 1999ರಲ್ಲಿ ಕ್ಯಾಲ್ಸಿಯಂ ತಡೆಯುವ ಡಿಲ್ಟಿಯಾಝೆಮ್ ಎಂಬ ಔಷಧಿ ಇಲಿಗಳ ದಂಡಕೋಶಗಳನ್ನು ಉಳಿಸಿತು ಎಂಬ ವರದಿ ಬಂತು. ಬೇರೆ ಪ್ರಯೋಗಾಲಯಗಳು ಪರೀಕ್ಷಿಸಿದಾಗ ಅದೇ ಫಲ ದೊರೆಯಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸದೆ ಒಪ್ಪಬಾರದು ಎಂಬ ಇಬ್ನುಲ್ ಹೈಸಮ್‌ರ ನಿಲುವನ್ನು ಇದು ನೆನಪಿಸುತ್ತದೆ.

ನೆರೆಯವನ ಸಾವು

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಶಂಕುಕೋಶಗಳ ಸಂಗತಿ. ಅನೇಕ ರೋಗಿಗಳಲ್ಲಿ ದೋಷವಿರುವ ಜೀನನ್ನು ದಂಡಕೋಶ ಮಾತ್ರ ಬಳಸುತ್ತದೆ. ಶಂಕುಕೋಶಗಳಲ್ಲಿ ಯಾವ ದೋಷವೂ ಇಲ್ಲ. ಆದರೂ ದಂಡಕೋಶಗಳು ಸತ್ತ ಮೇಲೆ ಶಂಕುಕೋಶಗಳೂ ಸಾಯಲಾರಂಭಿಸುತ್ತವೆ. ರೋಗಿ ನಿಜವಾಗಿ ಕುರುಡನಾಗುವುದು ಆಗಲೇ. ಬೀದಿದೀಪಗಳ ಈ ಕಾಲದಲ್ಲಿ ಇರುಳಿನ ನೋಟ ಹೋದರೂ ಬದುಕಬಹುದು. ಓದುವ, ಮುಖ ಗುರುತಿಸುವ ನೋಟ ಹೋದರೆ ಜೀವನವೇ ಬದಲಾಗುತ್ತದೆ.

ನಿರ್ದೋಷಿ ಕೋಶ ಏಕೆ ಸಾಯುತ್ತದೆ? 2004ರಲ್ಲಿ ಪ್ಯಾರಿಸ್‌ನ ಥಿಯೆರಿ ಲೆವೆಯಾರ್, ಜೋಸೆ-ಅಲೆನ್ ಸಾಹೆಲ್ ಮತ್ತು ಸಂಗಡಿಗರು, ದಂಡಕೋಶಗಳು ಒಂದು ಪ್ರೋಟೀನನ್ನು ಸ್ರವಿಸಿ ಶಂಕುಕೋಶಗಳನ್ನು ಪೋಷಿಸುತ್ತವೆ ಎಂದು ಕಂಡುಹಿಡಿದರು. ಅದು ಶಂಕುಕೋಶಕ್ಕೆ ಗ್ಲೂಕೋಸ್ ಒಳಸೇರಲು ನೆರವಾಗುತ್ತದೆ ಎಂದು 2015ರಲ್ಲಿ ತಿಳಿಯಿತು. 2009ರಲ್ಲಿ ಅಮೆರಿಕದ ಕಾನ್ಸ್ಟನ್ಸ್ ಸೆಪ್ಕೊ ಅವರ ತಂಡವೂ ಸಾಯುತ್ತಿರುವ ಶಂಕುಕೋಶಗಳಲ್ಲಿ ಹಸಿವಿನ ಲಕ್ಷಣಗಳನ್ನು ಕಂಡಿತ್ತು. ಇದರ ಜೊತೆಗೆ, ಹೆಚ್ಚು ಆಮ್ಲಜನಕ ಬಳಸುತ್ತಿದ್ದ ದಂಡಕೋಶಗಳು ಇಲ್ಲವಾದಾಗ ಉಳಿದ ಆಮ್ಲಜನಕ ಶಂಕುಕೋಶಗಳಿಗೆ ಹಾನಿ ಮಾಡುತ್ತದೆ. ನೆರೆಯವನು ಹೋದಾಗ ಊಟವೂ ಹೋಯಿತು, ರಕ್ಷಣೆಯೂ ಹೋಯಿತು. ಕ್ಯೂನೆ ಕಂಡ ಸತ್ಯ ಮತ್ತೊಮ್ಮೆ ದೃಢವಾಯಿತು.

ಇದರಲ್ಲಿ ಆಶೆಯೂ ಇದೆ. ಮೂಲ ದೋಷ ಯಾವುದೇ ಇರಲಿ, ಶಂಕುಕೋಶಗಳನ್ನು ಉಳಿಸಿಕೊಂಡರೆ ಮನುಷ್ಯ ಓದಬಲ್ಲ, ತನ್ನ ಮಕ್ಕಳ ಮುಖ ನೋಡಬಲ್ಲ. ಇಂದಿನ ಸಂಶೋಧನೆಯ ಬಹುಭಾಗ ಈ ದಿಕ್ಕಿನಲ್ಲಿ ಸಾಗಿದೆ.

ಚಿಕಿತ್ಸೆ ಎಲ್ಲಿಗೆ ಬಂದಿದೆ?

ವರ್ಣಪದರದಲ್ಲಿ ವಿಟಮಿನ್ ಎಯನ್ನು ಮರುಬಳಕೆಗೆ ಸಿದ್ಧಗೊಳಿಸುವ ಒಂದು ಕಿಣ್ವವಿದೆ. ಅದರ ಜೀನಿನ ಹೆಸರು ಆರ್‌ಪಿಇ65. ಇದರಲ್ಲಿ ದೋಷವಿದ್ದರೆ ಮಗು ಎಳವೆಯಲ್ಲೇ ನೋಟ ಕಳೆದುಕೊಳ್ಳುತ್ತದೆ. 2001ರಲ್ಲಿ ಇದೇ ದೋಷವಿದ್ದ ನಾಯಿಗಳಿಗೆ, ನಿರುಪದ್ರವಿ ವೈರಸ್ಸಿನ ಮೂಲಕ ಸರಿಯಾದ ಜೀನನ್ನು ಸೇರಿಸಿದಾಗ ಅವುಗಳಿಗೆ ನೋಟ ಬಂತು. 2008ರಲ್ಲಿ ಮಾನವರ ಮೇಲಿನ ಮೊದಲ ಪ್ರಯೋಗಗಳ ಫಲ ಪ್ರಕಟವಾಯಿತು. 2017ರ ಡಿಸೆಂಬರ್‌ನಲ್ಲಿ ‘ಲಕ್ಸ್‌ಟರ್ನಾ’ ಎಂಬ ಹೆಸರಿನ ಈ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡೂ ಕಣ್ಣಿಗೆ ನಿಗದಿಯಾದ ಬೆಲೆ 8,50,000 ಡಾಲರ್, ಆಗಿನ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮಿಗಿಲು. ಅದೂ ಎಂಬತ್ತಕ್ಕೂ ಹೆಚ್ಚು ಜೀನುಗಳಲ್ಲಿ ಒಂದಕ್ಕೆ ಮಾತ್ರ. ಬದುಕಿರುವ ಕೋಶ ಇದ್ದರೆ ಮಾತ್ರ ಅದು ಫಲಿಸುತ್ತದೆ, ಸತ್ತ ಕೋಶವನ್ನು ಎಬ್ಬಿಸಲಾರದು.

ಕೋಶಗಳೆಲ್ಲ ಸತ್ತವರಿಗಾಗಿ ಬೇರೆ ಪ್ರಯತ್ನಗಳು ನಡೆದಿವೆ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಆರ್ಗಸ್ 2’ ಎಂಬ ಕೃತಕ ಅಕ್ಷಿಪಟಲದ ತಯಾರಿಕೆ 2019ರಲ್ಲಿ ನಿಂತುಹೋಯಿತು. 2021ರಲ್ಲಿ ಸಾಹೆಲ್ ಅವರ ತಂಡ, ಬೆಳಕಿಗೆ ಸ್ಪಂದಿಸುವ ಪ್ರೋಟೀನಿನ ಜೀನನ್ನು ಉಳಿದ ನರಕೋಶಗಳಿಗೆ ಸೇರಿಸಿ, ಹಲವು ದಶಕಗಳಿಂದ ಈ ಕಾಯಿಲೆಯಿದ್ದ 58 ವರ್ಷದ ವ್ಯಕ್ತಿಯೊಬ್ಬರು ವಿಶೇಷ ಕನ್ನಡಕದ ನೆರವಿನಿಂದ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿದರೆಂದು ವರದಿ ಮಾಡಿತು. ಸಣ್ಣ ಹೆಜ್ಜೆ, ಆದರೆ ನಿಜವಾದ ಹೆಜ್ಜೆ.

ವಿಟಮಿನ್ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. 1993ರಲ್ಲಿ ಅಮೆರಿಕದ ಒಂದು ಅಧ್ಯಯನ ಹೆಚ್ಚಿನ ಪ್ರಮಾಣದ ವಿಟಮಿನ್ ಎ ಈ ಕಾಯಿಲೆಯನ್ನು ತುಸು ನಿಧಾನಗೊಳಿಸಬಹುದು ಎಂದಿತ್ತು. ನಂತರದ ಮರುವಿಶ್ಲೇಷಣೆ ಆ ಪ್ರಯೋಜನವನ್ನು ದೃಢಪಡಿಸಲಿಲ್ಲ. ವೈದ್ಯರನ್ನು ಕೇಳದೆ ಹೆಚ್ಚು ವಿಟಮಿನ್ ಎ ನುಂಗಿದರೆ ಯಕೃತ್ತಿಗೆ ಹಾನಿ, ಗರ್ಭಿಣಿಯರಲ್ಲಿ ಭ್ರೂಣಕ್ಕೂ ಹಾನಿ. ‘ಖಚಿತವಾಗಿ ಗುಣಪಡಿಸುತ್ತೇವೆ’ ಎಂದು ಹಣ ಕೀಳುವವರ ಬಳಿಗೂ ಹೋಗಬಾರದು.

ನಮ್ಮ ಮನೆಗಳ ಮಾತು

ಲೋಕದಲ್ಲಿ ಸುಮಾರು ನಾಲ್ಕು ಸಾವಿರ ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆಯೆಂದು ಅಂದಾಜು. ದಕ್ಷಿಣ ಮತ್ತು ಮಧ್ಯ ಭಾರತದ ಕೆಲವು ಸಮೀಕ್ಷೆಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಕಂಡುಬಂದಿದೆ. ಕಾರಣಗಳಲ್ಲಿ ರಕ್ತಸಂಬಂಧದ ವಿವಾಹವೂ ಒಂದು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ಮೂರರಲ್ಲೊಂದು ಪಾಲು ವಿವಾಹಗಳು ರಕ್ತಸಂಬಂಧಿಗಳ ನಡುವಿನವಾಗಿದ್ದವು. ಇದು ಒಂದು ಸಮುದಾಯದ ಮಾತಲ್ಲ. ಹಿಂದೂ ಕುಟುಂಬಗಳಲ್ಲಿ ಸೋದರಮಾವನಿಗೆ ಕೊಡುವ ರೂಢಿ, ನಮ್ಮಲ್ಲಿ ಚಿಕ್ಕಪ್ಪ-ದೊಡ್ಡಪ್ಪ, ಮಾವ-ಅತ್ತೆಯರ ಮಕ್ಕಳ ನಡುವಿನ ವಿವಾಹ.

ಲೆಕ್ಕ ಸರಳ. ಹಿನ್ನೆಲೆಯಲ್ಲಿ ಅಡಗಿರುವ ದೋಷ ತಂದೆ-ತಾಯಿ ಇಬ್ಬರಲ್ಲೂ ಒಂದೇ ಜೀನಿನಲ್ಲಿದ್ದರೆ, ಇಬ್ಬರಿಗೂ ಕಾಯಿಲೆ ಇರುವುದಿಲ್ಲ, ಆದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಂಭವ ಇರುತ್ತದೆ. ಅಪರಿಚಿತ ಕುಟುಂಬದಲ್ಲಿ ಅದೇ ದೋಷ ಇರುವುದು ಅಪರೂಪ. ಒಡಹುಟ್ಟಿದವರ ಮಕ್ಕಳಲ್ಲಿ ಒಬ್ಬರಲ್ಲಿ ದೋಷವಿದ್ದರೆ ಇನ್ನೊಬ್ಬರಲ್ಲೂ ಅದೇ ಇರುವ ಸಂಭವ ಎಂಟರಲ್ಲೊಂದು. ಧರ್ಮ ಇಂಥ ವಿವಾಹವನ್ನು ಅನುಮತಿಸಿದೆ, ಆದರೆ ಕಡ್ಡಾಯ ಮಾಡಿಲ್ಲ. ಕುಟುಂಬದಲ್ಲಿ ಈಗಾಗಲೇ ಇರುಳುಗುರುಡು ಅಥವಾ ಹುಟ್ಟು ಕಿವುಡು ಇದ್ದರೆ, ಸಂಬಂಧ ನಿಶ್ಚಯಿಸುವ ಮೊದಲು ಅನುವಂಶೀಯ ಸಲಹೆ ಪಡೆಯುವುದು ವಿವೇಕ. ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ ಜೀನು ಪರೀಕ್ಷೆ ಲಭ್ಯವಿದೆ. ಮಗುವಿಗೆ ಕಾಯಿಲೆ ಬಂದರೆ ತಾಯಿಯನ್ನು ದೂರುವ ನಮ್ಮ ಮನೆಗಳ ಕೆಟ್ಟ ಚಾಳಿಗೂ ಈ ಲೆಕ್ಕವೇ ಉತ್ತರ. ದೋಷ ಇಬ್ಬರಿಂದಲೂ ಬರುತ್ತದೆ, ಯಾರ ತಪ್ಪೂ ಅದರಲ್ಲಿ ಇರುವುದಿಲ್ಲ.

ನನ್ನ ವಿದ್ಯಾರ್ಥಿಯ ತಂದೆ-ತಾಯಿಯೂ ಅಣ್ಣ-ತಮ್ಮಂದಿರ ಮಕ್ಕಳು. ಅವನ ಅಕ್ಕನಿಗೂ ಸಂಜೆಯಾದರೆ ಕಾಣದು ಎಂದು ಆಮೇಲೆ ತಿಳಿಯಿತು. ಆಕೆ ಯಾರಿಗೂ ಹೇಳಿರಲಿಲ್ಲ, ಮದುವೆಗೆ ಅಡ್ಡಿಯಾಗುತ್ತದೆಂದು ಮನೆಯವರೂ ಮುಚ್ಚಿಟ್ಟಿದ್ದರು. ನಾನು ಆ ಹುಡುಗನ ಕ್ಷಮೆ ಕೇಳಿದೆ. ಅವನು ನಕ್ಕು, ‘ನನಗೇ ಗೊತ್ತಿರಲಿಲ್ಲ ಸಾರ್, ಎಲ್ಲರಿಗೂ ಹೀಗೆಯೇ ಕಾಣುತ್ತದೆ ಅಂದುಕೊಂಡಿದ್ದೆ’ ಎಂದ. ನಂತರ ಅವನು ಪಿಯುಸಿ ಮುಗಿಸಿ, ಪರದೆಯ ಅಕ್ಷರಗಳನ್ನು ಓದಿ ಹೇಳುವ ಕಂಪ್ಯೂಟರ್ ತಂತ್ರಾಂಶ ಕಲಿತು ಪದವಿ ಓದಿಗೆ ಸೇರಿದ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಸಂಜೆ ಎಡವುವ, ಪಕ್ಕದಿಂದ ಬಂದ ಚೆಂಡನ್ನು ಕಾಣದ, ಮಂದ ಬೆಳಕಿನಲ್ಲಿ ಹಿಂಜರಿಯುವ ಮಗುವನ್ನು ಗದರುವ ಮೊದಲು ಕಣ್ಣಿನ ವೈದ್ಯರ ಬಳಿಗೆ ಕಳುಹಿಸಿ. ಕಿವುಡ ಮಕ್ಕಳ ಕಣ್ಣನ್ನು ತಪ್ಪದೆ ಪರೀಕ್ಷಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಅವರಿಗೆ ದೊರೆಯಬೇಕಾದ ಸೌಲಭ್ಯಗಳನ್ನು ಕೊಡಿಸಿ. ಪ್ರಿಯ ವಿದ್ಯಾರ್ಥಿಗಳೇ, ಹುನೈನ್ ಮತ್ತು ಇಬ್ನುಲ್ ಹೈಸಮ್‌ರ ಹೆಸರು ಹೇಳಿ ಹೆಮ್ಮೆ ಪಡುವುದು ಸುಲಭ. ಅವರು ಆರಂಭಿಸಿದ ಹುಡುಕಾಟ ಇನ್ನೂ ಮುಗಿದಿಲ್ಲ, ಅದನ್ನು ಮುಂದುವರಿಸುವವರು ನಿಮ್ಮಲ್ಲಿಂದಲೂ ಬರಬೇಕು. ನೋಟವೆಂಬ ಅಮಾನತ್ತನ್ನು ಕಾಪಾಡುವ, ನೋಟ ಕಳೆದುಕೊಂಡವರ ಕೈ ಹಿಡಿಯುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.